ಮರವೊಂದೇ ಸಾಕ್ಷಿ

ಉತ್ತರ ಫ್ರಾನ್ಸಿನ ಬೂಲೋನ್ ಎಂಬ ಕಡಲೂರಿನ ಮ್ಯೂಸಿಯಂನಲ್ಲಿ ಒಂದು ಹಳೆಯ ಗ್ರೀಕ್ ಕೊಡವಿದೆ. ಕ್ರಿ.ಪೂ. 530ರ ಸುಮಾರಿಗೆ ಅಥೆನ್ಸಿನ ಎಕ್ಸೀಕಿಯಸ್ ಅದರ ಮೇಲೆ ಚಿತ್ರ ಬರೆದ. ಕೆಮ್ಮಣ್ಣಿನ ಬಣ್ಣದ ಮೇಲೆ ಕಪ್ಪು ಆಕೃತಿಗಳು. ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತು, ನೆಲದಲ್ಲಿ ಏನನ್ನೋ ಊರಿ, ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ. ಹಣೆಯಲ್ಲಿ ಗೆರೆಗಳು. ಒಂದು ಪಕ್ಕ ಗುರಾಣಿ, ಶಿರಸ್ತ್ರಾಣ. ಇನ್ನೊಂದು ಪಕ್ಕ ಗರಿ ಇಳಿಬಿಟ್ಟ ತಾಳೆಜಾತಿಯ ಮರ. ಬೇರೆ ಯಾರೂ ಇಲ್ಲ.

ಅದರ ಪ್ರಿಂಟ್ ಒಂದನ್ನು ತಿಪಟೂರಿನಲ್ಲೇ ತೆಗೆಸಿ, ಕಟ್ಟು ಹಾಕಿಸಿ, ನಡುಮನೆಗೆ ತಗುಲಿಹಾಕಿದೆ. ಅಮ್ಮ ನೋಡಿ, "ತೆಂಗಿನ ಸಸಿ ನೆಡ್ತಾವ್ನೆ ಅಲ್ವಾ? ಗುಂಡಿ ಸಾಲ್ದು, ಮೂರಡಿ ಬೇಕು" ಅಂದಳು.

ಅವನು ನೆಡುತ್ತಿರುವುದು ಕತ್ತಿ, ಮೊನೆ ಮೇಲಾಗಿ. ಅವನು ಟ್ರಾಯ್ ಯುದ್ಧದ ವೀರ ಏಜಾಕ್ಸ್. ಸತ್ತ ಅಕಿಲೀಸನ ಆಯುಧಗಳು ತನಗೆ ಬರಬೇಕಿತ್ತು, ಒಡಿಸ್ಯೂಸನ ಪಾಲಾದವು. ಆ ಅವಮಾನಕ್ಕೆ ತನ್ನದೇ ಕಡೆಯ ನಾಯಕರನ್ನು ಕೊಲ್ಲಲು ರಾತ್ರಿ ಹೊರಟ. ಅಥೀನಾ ದೇವತೆ ಬುದ್ಧಿ ಕೆಡಿಸಿದಳು; ದನಕುರಿಗಳನ್ನೇ ಶತ್ರುಗಳೆಂದು ಕಡಿದುಹಾಕಿದ. ಬೆಳಗಾಗಿ ಭ್ರಮೆ ಇಳಿದಾಗ ತಲೆ ಎತ್ತಲಾಗಲಿಲ್ಲ.

ಕನ್ನಡಕ್ಕೆ ಈ ಕಥೆ ಬೇರೆ ಹೆಸರಿನಲ್ಲಿ ಗೊತ್ತು. ಸಾಫೊಕ್ಲಿಸನ ನಾಟಕವನ್ನು ಬಿ.ಎಂ.ಶ್ರೀ. 'ಅಶ್ವತ್ಥಾಮನ್' ಮಾಡಿದರು; ನಮ್ಮ ಚಿರಂಜೀವಿಗೂ ಅಲ್ಲಿ ಸಾವು ಬಂತು. ಅವರು 1884ರಲ್ಲಿ ಹುಟ್ಟಿದ್ದು ಇಲ್ಲೇ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ.

ಗ್ರೀಕ್ ನಾಟಕದಲ್ಲಿ ಏಜಾಕ್ಸ್ ಸಾಯುವ ಮೊದಲು ಮನೆಯವಳಿಗೂ ಸಂಗಡಿಗರಿಗೂ ಸಮಾಧಾನದ ಮಾತಾಡುತ್ತಾನೆ: ನನ್ನ ಮನಸ್ಸು ಬದಲಾಗಿದೆ, ಕಡಲ ಕಡೆ ಹೋಗಿ ಈ ಕತ್ತಿಯನ್ನು ಮಣ್ಣಲ್ಲಿ ಹೂತು ಬರುತ್ತೇನೆ ಎಂದು. ಅವರು ನಂಬಿ ಕುಣಿದಾಡುತ್ತಾರೆ. ಬೇರೆ ಚಿತ್ರಕಾರರು ಕತ್ತಿಯ ಮೇಲೆ ಬಿದ್ದ ಹೆಣವನ್ನು ಬರೆದರು. ಎಕ್ಸೀಕಿಯಸ್ ಅದಕ್ಕೂ ಸ್ವಲ್ಪ ಮುಂಚಿನ ಗಳಿಗೆಯನ್ನು ಹಿಡಿದ. ಈ ಚಿತ್ರದಲ್ಲಿ ಇನ್ನೂ ಹೊತ್ತು ಮೀರಿಲ್ಲ. ಯಾರಾದರೂ ಬರಬಹುದಿತ್ತು.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವಳು ಮತ್ತೊಮ್ಮೆ ಆ ಕೈಗಳನ್ನು ನೋಡಿದಳು. ಸಸಿ ನೆಡುವವನ ಕೈಗೂ ಇವನ ಕೈಗೂ ವ್ಯತ್ಯಾಸ ಕಾಣುವುದಿಲ್ಲ.

ಚಿಕ್ಕನಾಯಕನಹಳ್ಳಿ ಕಡೆ ನನ್ನ ಸೋದರಮಾವ ಇದ್ದಾರೆ. ಬೋರ್‌ವೆಲ್ ಬತ್ತಿ, ತೋಟದ ಅರ್ಧ ಮರಗಳ ಸುಳಿ ಒಣಗಿತ್ತು. ಸಾಲಕ್ಕಾಗಿ ದಿನಾ ಕೂಗಾಡುತ್ತಿದ್ದ ಮಾವ ಆ ತಿಂಗಳು ತಣ್ಣಗಾಗಿದ್ದರು. ಸಂಜೆ ಒಬ್ಬರೇ ತೋಟಕ್ಕೆ ಹೋಗಿ ಬರುತ್ತಿದ್ದರು. ಈಗ ಸಮಾಧಾನವಾಗಿದ್ದಾರೆ ಎಂದು ಮನೆಯವರೆಲ್ಲ ಸಂತೋಷಪಟ್ಟಿದ್ದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅಮ್ಮ ತಮ್ಮನ ಊರಿಗೆ ಹೊರಟಳು. ಎಂಟು ದಿನ ಅಲ್ಲೇ ಇದ್ದಳು. ಮಾವ ತೋಟಕ್ಕೆ ಹೊರಟಾಗೆಲ್ಲ ಸೋಗೆ ಆಯುವ ನೆಪದಲ್ಲಿ ಹಿಂದೆ ನಡೆದಳು. ಕೊನೆಗೆ ಮಾವ ರೇಗಿ ಬೈದರಂತೆ.

"ಬೈಲಿ ಬಿಡು, ಮಾತಾಡ್ದ" ಅಂದಳು ಅಮ್ಮ ಫೋನಿನಲ್ಲಿ.