ಬೆಂಗಳೂರಿನಲ್ಲಿ ಉಳಿದಿರುವ ಬಯಲು

ಉತ್ತರದ ಜಿಲ್ಲೆಗಳಿಂದ ರಾತ್ರಿಯ ಬಸ್ಸಿನಲ್ಲಿ ಬರುವ ನಮ್ಮ ಬಂಧುಗಳು ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ತಾವು ಕಾಲಿಟ್ಟದ್ದು ಕೆರೆಯ ಅಂಗಳದಲ್ಲಿ ಎಂಬುದು ಬಹುಮಂದಿಗೆ ತಿಳಿಯದು. ಧರ್ಮಾಂಬುಧಿಯೆಂಬ ಹೆಸರಿನ ಆ ಕೆರೆ ಒಂದು ಕಾಲಕ್ಕೆ ಊರಿಗೆ ನೀರುಣಿಸಿತ್ತು. ಸಂಪಂಗಿ ಕೆರೆಯ ಪಾತ್ರದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗೆಂದು ಉಳಿಸಿಕೊಂಡ ಪುಟ್ಟ ಕೊಳವೊಂದೇ ಅದರ ಗುರುತು.

ಕಳೆದ ಬೇಸಿಗೆಯ ರಜೆಯಲ್ಲಿ ಧಾರವಾಡದಿಂದ ತಂಗಿಯ ಮಕ್ಕಳು ಬಂದಿದ್ದರು. ಅವರನ್ನು ಲಾಲ್‌ಬಾಗಿಗೆ ಕರೆದೊಯ್ದೆ. ಮೊದಲು ಬಂಡೆಯನ್ನೇ ಹತ್ತಿದೆವು. ಸುಮಾರು 300 ಕೋಟಿ ವರ್ಷಗಳ ಹಿಂದಿನ ಶಿಲೆಯಿದು. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಲ್ಲಿ ನಿಂತು ನೋಡಿದರೆ ಕೆಳಗೆ ಹಸಿರು, ಅದರಾಚೆಗೆ ಎತ್ತ ತಿರುಗಿದರೂ ಕಟ್ಟಡ. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟ ಇಂದು ಸುಮಾರು 240 ಎಕರೆಯಷ್ಟಿದೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನೂ ಬೂರುಗದ ಹಳೆಯ ಮರವನ್ನೂ ತೋರಿಸಿದೆ. ಆ ಮರದ ಬೇರುಗಳ ಸಂದಿಯಲ್ಲಿ ಕುಳಿತ ಕಿರಿಯವಳು ಕೇಳಿದಳು: "ಮಾಮಾ, ಈ ತ್ವಾಟ ಯಾರದು?"

ಸರ್ಕಾರದ್ದು ಎಂದುಬಿಟ್ಟೆ. ಹಾಗೆಂದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು.

ಸರ್ಕಾರದ್ದೇ ಆಗಿದ್ದರೆ ಅದು ಬೇಕಾದಂತೆ ಕೊಡಬಹುದಿತ್ತು. 1975ರ ಉದ್ಯಾನ ಸಂರಕ್ಷಣಾ ಕಾಯಿದೆ ಅದಕ್ಕೆ ಒಂದು ಬೇಲಿ. ಬೇಲಿಯಿದ್ದೂ ಆತಂಕ ತಪ್ಪಿಲ್ಲ. 1870ರಲ್ಲಿ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡ ಕಬ್ಬನ್ ಪಾರ್ಕಿನ ಕೊಂಚ ಭೂಮಿಯನ್ನು 1998ರಲ್ಲಿ ಕಾಯಿದೆಯ ವ್ಯಾಪ್ತಿಯಿಂದ ಬಿಡಿಸಲು ಹೊರಟಾಗ ನಾಗರಿಕರು ಬೀದಿಗಿಳಿದರು. 2025ರಲ್ಲಿ ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್ ನಡುವಿನ ಸುರಂಗ ರಸ್ತೆಗೆ ಲಾಲ್‌ಬಾಗಿನ ಒಂದಷ್ಟು ಜಾಗ ಬೇಕೆಂಬ ಮಾತು ಬಂದಾಗಲೂ ವಿರೋಧ ಎದ್ದಿತು. ವಾಹನ ದಟ್ಟಣೆಯಲ್ಲಿ ಗಂಟೆಗಟ್ಟಲೆ ಸಿಲುಕುವವರ ಸಂಕಟ ಸುಳ್ಳಲ್ಲ, ನಾನೂ ಅವರಲ್ಲೊಬ್ಬ. ಆದರೂ ತೋಟದ ನೆಲವೇ ಮೊದಲು ಕಣ್ಣಿಗೆ ಬೀಳುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಬಹುಶಃ ಅದಕ್ಕೆ ಪರಿಹಾರ ಕೇಳುವ ಮನೆಯವರಿಲ್ಲ ಎಂಬ ಕಾರಣಕ್ಕೆ.

ದೊಡ್ಡ ತೋಟಗಳಿಗಾದರೂ ಕೂಗುವವರುಂಟು. ಬಡಾವಣೆಯ ಮೂಲೆಯ ಅರ್ಧ ಎಕರೆಗೆ ಯಾರಿದ್ದಾರೆ? ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯ ಪ್ರಕಾರ ಬಡಾವಣೆಯ ನೂರಕ್ಕೆ 15ರಷ್ಟಾದರೂ ಭಾಗ ಉದ್ಯಾನ ಮತ್ತು ಆಟದ ಬಯಲಿಗೆ ಮೀಸಲು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿಯುವುದು ಸುಲಭ. ನೆಲದ ಮೇಲೆ ಅದನ್ನು ಕಾಯುವುದು ಕಷ್ಟ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಹೀಗೆ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲ ಹಂತದಲ್ಲಿ ಸೋತರು, ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದಲ್ಲಿ ಗೆದ್ದರು, 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಗೆಲುವನ್ನು ಎತ್ತಿಹಿಡಿಯಿತು. ಆಸ್ಪತ್ರೆ ಕೆಟ್ಟ ಕಾರ್ಯವೇನಲ್ಲ. ಆದರೆ ಉದ್ಯಾನದಿಂದ ಜನಕ್ಕೆ ದೊರೆಯುವುದು ಬೇರೆ, ಆಸ್ಪತ್ರೆಯಿಂದ ದೊರೆಯುವುದು ಬೇರೆ. ಒಂದನ್ನು ಕಿತ್ತು ಇನ್ನೊಂದನ್ನು ನೆಡಲಾಗದು ಎಂಬುದು ಆ ತೀರ್ಪಿನ ಸಾರ.

ಇದನ್ನು ಬರೆಯಲು ಕಾರಣವೊಂದಿದೆ. ನಮ್ಮ ಬಡಾವಣೆಯಲ್ಲಿಯೂ ಅಂಥದೊಂದು ಮೂಲೆಯಿದೆ: ನಾಲ್ಕು ಹೊಂಗೆಮರ, ಒಂದು ಮುರಿದ ಜಾರುಬಂಡೆ, ಯಾರೋ ಸುರಿದ ಇಟ್ಟಿಗೆ ಚೂರು. ಹಿಂದಿನ ವರ್ಷ ನಮ್ಮ ಹಿರಿಯರ ಸಭೆಯಲ್ಲಿ, ಅದನ್ನು ಸಮುದಾಯ ಭವನಕ್ಕೆ ಬೇಡಿ ಮನವಿ ಸಲ್ಲಿಸೋಣವೆಂಬ ಮಾತು ಬಂತು. ನಾಮಕರಣ, ನಿಶ್ಚಿತಾರ್ಥಗಳಿಗೆ ಬಾಡಿಗೆ ಮಂಟಪ ಹುಡುಕಿ ಬಳಲಿದವರ ಮಾತು ಅದು, ಅದರಲ್ಲಿ ಸ್ವಾರ್ಥವಿರಲಿಲ್ಲ. ನಾನೂ ಕೈ ಎತ್ತಿದ್ದೆ. ಆಗ ಹಿಂದೆ ಕುಳಿತಿದ್ದ ಶರಣಮ್ಮ ಅಜ್ಜಿಯವರು ಎದ್ದು, "ಸಂಜೀಗೆ ನಾವು ಎಲ್ಲಿ ಕೂಡೋಣ್ರೀ ಯಪ್ಪಾ?" ಎಂದಷ್ಟೇ ಕೇಳಿದರು. ಯಾರಿಂದಲೂ ಉತ್ತರ ಬರಲಿಲ್ಲ. ಮನವಿಯ ಕಾಗದ ಇನ್ನೂ ನನ್ನ ಕಪಾಟಿನಲ್ಲಿದೆ, ಸಹಿಯಿಲ್ಲದೆ.

ಊರಿಗೆ ಹೊರಡುವ ಮುನ್ನಾದಿನ ಮಕ್ಕಳು ಆ ಮೂಲೆಗೇ ಹೋಗಿ ಆಡಿದರು. ಇಟ್ಟಿಗೆ ಚೂರುಗಳನ್ನು ಬದಿಗೆ ಸರಿಸಿ ಕುಂಟಬಿಲ್ಲೆಯ ಮನೆ ಬರೆದಿದ್ದರು.