ಒಣನೆಲದ ಗುಬ್ಬಿ

ಕೋಗಿಲೆಗೆ ಕಂಠದಿಂದ ಕೀರ್ತಿ. ನವಿಲಿಗೆ ಗರಿಯಿಂದ ಕೀರ್ತಿ. ಬಣ್ಣವೂ ಬಿಂಕವೂ ಇಲ್ಲದ ಹಕ್ಕಿಗಳನ್ನು ಕೇಳುವವರಾರು? ಪಕ್ಷಿಗಳನ್ನು ಕುರಿತ ಪುಸ್ತಕದಲ್ಲಿ ಟುಂಬೆಸ್ ಗುಬ್ಬಿಯ ಚಿತ್ರವನ್ನು ನೋಡಿದಾಗಲೆಲ್ಲ ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಏಳುತ್ತದೆ.

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ, ಈಕ್ವೆಡಾರಿನ ನೈಋತ್ಯ ಭಾಗ ಹಾಗೂ ಪೆರುವಿನ ವಾಯವ್ಯ ಭಾಗಗಳಲ್ಲಿ ಹಬ್ಬಿರುವ ಕುರುಚಲು ಕಾಡು ಇದರ ತವರು. ಉದ್ದ ಸುಮಾರು 15 ಸೆಂಟಿಮೀಟರ್. ಬೂದುಬಣ್ಣದ ತಲೆಯ ಮೇಲೆ ಕಂದು ಪಟ್ಟೆಗಳು, ಬೀಜ ಒಡೆಯಲು ತಕ್ಕ ದಪ್ಪ ಕೊಕ್ಕು, ಮಣ್ಣಿನಲ್ಲಿ ಮಣ್ಣಾಗಿ ಬೆರೆಯುವ ಬೆನ್ನು. ಗುಬ್ಬಿಯೆಂಬ ಹೆಸರಿದ್ದರೂ ನಮ್ಮ ಮನೆಯ ಸೂರಿನ ಗುಬ್ಬಚ್ಚಿ ಇದರ ಕುಟುಂಬಕ್ಕೆ ಸೇರಿದುದಲ್ಲ. ಯುರೋಪಿನಿಂದ ವಲಸೆ ಬಂದವರು ರೂಪದ ಹೋಲಿಕೆಯನ್ನು ಕಂಡು ಅಮೆರಿಕದ ಇಂತಹ ಹಕ್ಕಿಗಳಿಗೆ ತಮ್ಮೂರಿನ ಗುಬ್ಬಿಯ ಹೆಸರನ್ನೇ ಇಟ್ಟರು.

ಈ ಸೀಮೆಯ ಪಕ್ಕದಲ್ಲಿಯೇ ಕಡಲಿದೆ. ಆದರೂ ವರ್ಷದ ಬಹುಭಾಗ ಮಳೆಯಿಲ್ಲ. ತಣ್ಣನೆಯ ಹಂಬೋಲ್ಟ್ ಪ್ರವಾಹವು ಕರಾವಳಿಯಲ್ಲಿ ಮಳೆಮೋಡಗಳು ಬೆಳೆಯಲು ಬಿಡುವುದಿಲ್ಲ. ವರ್ಷಾರಂಭದ ಕೆಲವು ತಿಂಗಳು ನಾಲ್ಕು ಹನಿ ಬಿದ್ದರೆ ಪೊದೆಗಳು ಚಿಗುರುತ್ತವೆ. 1983 ಮತ್ತು 1998ರಂತಹ ಎಲ್ ನಿನೊ ವರ್ಷಗಳಲ್ಲಾದರೋ ನೆರೆಯೇ ಬಂದು ಊರುಗಳು ಸಂಕಟಕ್ಕೀಡಾದವು. ಬರ, ನೆರೆ ಎರಡನ್ನೂ ಸಹಿಸಿ ಬಾಳುವುದೇ ಈ ಪುಟ್ಟ ಜೀವದ ಹಿರಿಮೆ.

ಪೋಲೆಂಡಿನ ಯಾನ್ ಶ್ಟೋಲ್ಟ್ಸ್‌ಮನ್ ಅವರು 1875ರಲ್ಲಿ ಪೆರುವಿಗೆ ಹೋಗಿ ಪಕ್ಷಿಗಳನ್ನು ಸಂಗ್ರಹಿಸತೊಡಗಿದರು. ವಾರ್ಸಾದ ಪಕ್ಷಿಶಾಸ್ತ್ರಜ್ಞ ತಾಚನೋವ್ಸ್ಕಿಯವರು 1877ರಲ್ಲಿ ಈ ಗುಬ್ಬಿಯನ್ನು ಲೋಕಕ್ಕೆ ಪರಿಚಯಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ಶ್ಟೋಲ್ಟ್ಸ್‌ಮನ್ನರ ಹೆಸರನ್ನು ಸೇರಿಸಿದರು. ಅದೇ ಕಾಲದಲ್ಲಿ ಶ್ಟೋಲ್ಟ್ಸ್‌ಮನ್ನರಿಗೆ ದೊರೆತ ಇನ್ನೊಂದು ಹಕ್ಕಿ ಬಿಳಿರೆಕ್ಕೆಯ ಗುವಾನ್. ಕಾಡುಕೋಳಿಯನ್ನು ಹೋಲುವ ಆ ಹಕ್ಕಿ ನಶಿಸಿಹೋಯಿತೆಂದೇ ಜನ ಭಾವಿಸಿದ್ದರು. ಸುಮಾರು ನೂರು ವರ್ಷಗಳ ಮೇಲೆ, 1977ರಲ್ಲಿ, ಅದು ಮತ್ತೆ ಕಂಡಾಗ ಪಕ್ಷಿಪ್ರಿಯರೆಲ್ಲ ಸಂಭ್ರಮಿಸಿದರು. ಕಾಣೆಯಾಗಿ ಮರಳಿದುದಕ್ಕೆ ಸಂಭ್ರಮ. ಎಂದೂ ಬಿಟ್ಟುಹೋಗದೆ ಜೊತೆಗಿದ್ದ ಗುಬ್ಬಿಗೆ ಒಂದು ನೋಟವೂ ಇಲ್ಲ! ಮನುಷ್ಯರ ನಡುವೆಯೂ ಹೀಗೆಯೇ ಅಲ್ಲವೆ?

ಟುಂಬೆಸ್ ಗುಬ್ಬಿ ಈಗ ಅಳಿವಿನಂಚಿನಲ್ಲಿಲ್ಲ. ಆದರೆ ಅದರ ನೆಲೆ ಕ್ಷೀಣಿಸುತ್ತಿದೆ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧುವಾದ ಅಲ್ಲಿನ ಆಲ್ಗರೋಬೊ ಮರ ಇದ್ದಿಲಿಗಾಗಿ ಕೊಡಲಿಗೆ ಬಲಿಯಾಗುತ್ತದೆ. ಉಳಿದ ಚಿಗುರನ್ನು ಮೇಕೆಗಳು ಮೇಯುತ್ತವೆ. ಬಡವರ ಹೊಟ್ಟೆಪಾಡನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಆದರೆ ಕುರುಚಲು ಕಾಡನ್ನು ಪಾಳುಭೂಮಿಯೆಂದು ಕರೆಯುವ ಮುನ್ನ, ಅದು ಯಾರ ಮನೆಯೆಂದು ಕೇಳಬೇಕು. ಅಪರೂಪವಾದ ಮೇಲೆ ಆದರಿಸುವುದಕ್ಕಿಂತ, ಸಾಮಾನ್ಯವಾಗಿರುವಾಗಲೇ ಉಳಿಸಿಕೊಳ್ಳುವುದು ವಿವೇಕ.