ಸಿಕ್ಕಿಕೊಂಡ ಸುರುಳಿ

ಹಳೆಯ ಯಂತ್ರಗಳಿಗೂ ನಮ್ಮಂಥ ಹಳೆಯ ಮನುಷ್ಯರಿಗೂ ಒಂದು ಗುಣ ಸಮಾನವಾಗಿದೆ. ಎರಡೂ ಬಲಾತ್ಕಾರಕ್ಕೆ ಬಗ್ಗುವುದಿಲ್ಲ; ಕಾರಣವನ್ನರಿತು ಮುಟ್ಟಿದರೆ ಮಾತ್ರ ಸಹಕರಿಸುತ್ತವೆ. ಈ ಮಾತಿಗೆ ನಿದರ್ಶನವಾದ ಪ್ರಸಂಗವೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

2023ರ ದಸರೆಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ತಂದೆ ನಮ್ಮೂರಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದವರು; ಹತ್ತನೆಯ ತರಗತಿಯ ಗುಂಪು ಭಾವಚಿತ್ರಗಳನ್ನು ವರ್ಷಗಟ್ಟಲೆ ತೆಗೆದವರು. ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಅವನು ಚರ್ಮದ ಚೀಲದಿಂದ ಹೊರತೆಗೆದದ್ದು ಅವರ ಯಾಷಿಕಾ ಮ್ಯಾಟ್ 124ಜಿ ಕ್ಯಾಮೆರಾ.

"ಸಾರ್, ಒಳಗೆ ಅಪ್ಪ ಹಾಕಿದ ರೋಲ್ ಹಾಗೇ ಇದೆ. ಅಂಕಿ 7 ತೋರಿಸುತ್ತಿದೆ, ಹಿಡಿಕೆ ಮಾತ್ರ ತಿರುಗುತ್ತಿಲ್ಲ. ರಿಪೇರಿಯವರೊಬ್ಬರು ಹಿಂಬದಿ ತೆರೆದು ನೋಡೋಣ ಎಂದರು. ನನಗೆ ಮನಸ್ಸಾಗಲಿಲ್ಲ" ಎಂದ.

ಅವನಿಗೆ ಮನಸ್ಸಾಗದಿದ್ದುದೇ ಒಳಿತಾಯಿತು. 1970ರಿಂದ 1986ರವರೆಗೆ ಜಪಾನಿನಲ್ಲಿ ತಯಾರಾದ ಈ ಕ್ಯಾಮೆರಾಕ್ಕೆ ಎರಡು ಮಸೂರಗಳು. ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಇದರಲ್ಲಿ ಬಳಸುವ 120 ಫಿಲ್ಮನ್ನು ಕೊಡಾಕ್ ಕಂಪನಿ 1901ರಲ್ಲಿ ಹೊರತಂದಿತು. ಒಂದು ರೋಲಿಗೆ 6 ಸೆಂ.ಮೀ. ಚೌಕದ 12 ಚಿತ್ರಗಳು. 35 ಮಿ.ಮೀ. ರೀಲಿನಂತೆ ಇದಕ್ಕೆ ಲೋಹದ ಡಬ್ಬಿಯ ರಕ್ಷಣೆಯಿಲ್ಲ; ಬೆನ್ನಿಗಂಟಿದ ಕಾಗದವೊಂದೇ ಬೆಳಕನ್ನು ತಡೆಯಬೇಕು. ಸುರುಳಿ ಬಿಗಿಯಾಗಿದ್ದರೆ ಕಾಗದ ಕಾಪಾಡುತ್ತದೆ. ಸಡಿಲವಾಗಿದ್ದರೆ ಅಂಚುಗಳಿಂದ ಬೆಳಕು ನುಗ್ಗುತ್ತದೆ.

ತರಗತಿಯಲ್ಲಿ ಪ್ರಯೋಗ ಮಾಡಿಸುವಾಗ ಹೇಳುತ್ತಿದ್ದ ಮಾತನ್ನೇ ಹೇಳಿದೆ: "ಒಮ್ಮೆಗೆ ಒಂದನ್ನೇ ಪರೀಕ್ಷಿಸು, ಹೊರಗಿನಿಂದ ಒಳಕ್ಕೆ ಹೋಗು."

ಮೊದಲು ಶಟರ್ ಗುಂಡಿಯ ಸುತ್ತಲಿನ ಬೀಗ ನೋಡಿದೆವು, ತೆರೆದೇ ಇತ್ತು. ಸೆಲ್ಫ್ ಟೈಮರಿನ ಸನ್ನೆ ಅರ್ಧದಲ್ಲಿ ನಿಂತಿದ್ದರೂ ಶಟರ್ ತನ್ನ ಕೆಲಸ ಮುಗಿಸುವುದಿಲ್ಲ, ಅದೂ ಸರಿಯಾಗಿತ್ತು. ಈ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆಯುವವರೆಗೆ ಹಿಡಿಕೆ ಮುಂದಕ್ಕೆ ತಿರುಗದಂತೆ ವ್ಯವಸ್ಥೆಯಿದೆ. ಆದುದರಿಂದ ಮಸೂರಕ್ಕೆ ಮುಚ್ಚಳ ಹಾಕಿ ಗುಂಡಿಯನ್ನು ಒತ್ತಿದೆವು. ಸದ್ದಿಲ್ಲ. ಅಂದರೆ ಏಳನೆಯ ಚಿತ್ರವನ್ನೂ ಅವರು ತೆಗೆದಾಗಿತ್ತು, ಇಲ್ಲವೇ ಎಣ್ಣೆ ಗಟ್ಟಿಯಾಗಿ ಶಟರೇ ಕಚ್ಚಿಕೊಂಡಿತ್ತು.

ಉತ್ತರ ಹಿಡಿಕೆಯಲ್ಲಿಯೇ ಇತ್ತು. ಬೀಗ ಬಿದ್ದ ಹಿಡಿಕೆ ಕಲ್ಲಿನಂತೆ ನಿಲ್ಲುತ್ತದೆ. ಇದು ತುಸು ಸರಿದು, ಅನಂತರ ಸ್ಪ್ರಿಂಗಿನಂತೆ ಬಿಗಿದುಕೊಳ್ಳುತ್ತಿತ್ತು. ದೋಷ ಚಕ್ರಗಳಲ್ಲಿಲ್ಲ, ಸುರುಳಿಯಲ್ಲಿದೆ ಎಂದು ಊಹಿಸಿದೆ. ಇನ್ನೂ ಜೋರು ಮಾಡಿದ್ದರೆ ಫಿಲ್ಮೋ ಚಕ್ರದ ಹಲ್ಲೋ, ಒಂದಂತೂ ಮುರಿಯುತ್ತಿತ್ತು.

ನನ್ನಲ್ಲಿ ಕೆಟ್ಟುಹೋದ ರೋಲೊಂದಿತ್ತು. ಅದನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಸುತ್ತುವುದನ್ನು ಅವನಿಂದ ಮೂರು ಬಾರಿ ಅಭ್ಯಾಸ ಮಾಡಿಸಿದೆ. ಬಳಿಕ ಬೆಳಕು ತೂರದ ಕಪ್ಪು ಬಟ್ಟೆಯ ಚೀಲದೊಳಗೆ ಕ್ಯಾಮೆರಾವನ್ನಿಟ್ಟು, ತೋಳುಗಳ ಮೂಲಕ ಕೈಹಾಕಿ, ಅವನೇ ಹಿಂಬದಿ ತೆರೆದ. ಎಡಬದಿಯ ಗುಬ್ಬಿಗಳನ್ನು ಹೊರಗೆಳೆದು ಸುರುಳಿಗಳನ್ನು ಬಿಡಿಸಿದ. "ಸಾರ್, ಮೇಲಿನ ಸುರುಳಿಯಲ್ಲಿ ಕಾಗದ ಅಂಚಿನ ಮೇಲೆ ಹತ್ತಿ ಮಡಿಚಿಕೊಂಡಿದೆ" ಎಂದು ಕೂಗಿದ. ತುಸು ಹಿಂದಕ್ಕೆ ಬಿಚ್ಚಿ, ನೇರ ಮಾಡಿ, ಉಳಿದದ್ದನ್ನೆಲ್ಲ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ. ಖಾಲಿ ಕ್ಯಾಮೆರಾವನ್ನು ಮುಚ್ಚಿ ಹಿಡಿಕೆ ತಿರುಗಿಸಿದಾಗ ಅದು ಸರಾಗವಾಗಿ ತಿರುಗಿತು, ಶಟರೂ ಸದ್ದು ಮಾಡಿತು. ಯಂತ್ರ ನಿರಪರಾಧಿಯಾಗಿತ್ತು. ಫಿಲ್ಮ್ ಹಾಕುವಾಗ ಕೆಳಗಿನ ಸುರುಳಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಕಾಗದ ಸಡಿಲವಾಗದಂತೆ ನೋಡಿಕೊಳ್ಳಬೇಕು. ಬಹುಶಃ ಕೊನೆಯ ದಿನಗಳಲ್ಲಿ ಆ ಕೈಗಳಲ್ಲಿ ಅಷ್ಟು ಬಲ ಉಳಿದಿರಲಿಲ್ಲ.

ಅದು ಕಪ್ಪು ಬಿಳುಪಿನ ರೋಲ್. ತೊಳೆಸಿದಾಗ ಏಳರಲ್ಲಿ ಮೂರು ಮಂಜು ಕವಿದಂತಿದ್ದವು, ನಾಲ್ಕು ಉಳಿದಿದ್ದವು. ತಾಯಿ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿರುವ ಎರಡು, ಅಂಗಳದ ದಾಸವಾಳದ ಗಿಡ ಒಂದು. ಇನ್ನೊಂದರಲ್ಲಿ ಗೋಡೆಗೊರಗಿ ನಿಂತ ಸೈಕಲ್ಲು, ಒರೆಸಿ ಫಳಫಳ ಹೊಳೆಯುವಂತೆ ಮಾಡಿದ್ದು. ಅದು ಅವನು ಶಾಲೆಗೆ ತುಳಿಯುತ್ತಿದ್ದ ಸೈಕಲ್ಲು. "ಅದನ್ನು ಮಾರಿದೆ ಅಂತ ಅಪ್ಪ ಫೋನಿನಲ್ಲಿ ಹೇಳಿದಾಗ ಜಗಳವಾಡಿದ್ದೆ ಸಾರ್. ಕೊಡುವ ಮೊದಲು ಫೋಟೋ ತೆಗೆದಿಟ್ಟಿದ್ದನ್ನು ಅವರು ಹೇಳಲೇ ಇಲ್ಲ" ಎಂದು ಬಹಳ ಹೊತ್ತು ಸುಮ್ಮನೆ ಕುಳಿತ.

ನಿಮ್ಮ ಮನೆಗಳ ಅಟ್ಟದಲ್ಲಿಯೂ ಇಂಥ ಕ್ಯಾಮೆರಾಗಳಿರಬಹುದು. ಆಗ್ಫಾ ಕ್ಲಿಕ್ 3 ಆಗಿದ್ದರೆ ಬೆನ್ನಿನ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುತ್ತದೆಯೇ ನೋಡಿ. ಕಂಡರೆ ಒಳಗೆ ರೋಲ್ ಇದೆಯೆಂದೇ ಅರ್ಥ. ಕುತೂಹಲಕ್ಕೆ ತೆರೆಯಬೇಡಿ, ತಿರುಗದಿದ್ದರೆ ಜಗ್ಗಬೇಡಿ. 120 ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಅದನ್ನು ತೊಳೆದುಕೊಡುವವರೂ ಇದ್ದಾರೆ. ಹೊಸ ರೋಲ್ ಯಾವಾಗ ಬೇಕಾದರೂ ಕೊಳ್ಳಬಹುದು. ಒಳಗಿರುವುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ.